ತಂಪು ದೇಶದ ಬಳ್ಳಿ, ಬಾದಾಮಿಯ ಬಿಸಿಲು

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನ ಮನೆ. ತೋಟಗಾರಿಕೆ ಓದುವ ಹುಡುಗರಿಗೆ ದ್ರಾಕ್ಷಿಯ ಪಾಠ ಹೇಳುವುದು ನನ್ನ ಕೆಲಸ. ಈ ಕೆಲಸದಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ಬಳ್ಳಿಗೆ ಏನಾಯಿತೆಂದು ನೋಡಲು ಹೋದವನು ಗಂಡ-ಹೆಂಡಿರ ಜಗಳ ಬಿಡಿಸಿ ಬಂದದ್ದೇ ಹೆಚ್ಚು. ಆದರೆ ಬಾದಾಮಿ ಕಡೆಯ ಶಿವಯೋಗ ಮಂದಿರದ ಹತ್ತಿರದ ಹಳ್ಳಿಯ ಒಬ್ಬ ನಿವೃತ್ತ ಮಾಸ್ತರರು ನಗಿಸಿದ ಹಾಗೆ ಯಾರೂ ನಗಿಸಿಲ್ಲ. ನಕ್ಕ ಮೇಲೆ ಸುಮ್ಮನೆ ಕೂತು ಯೋಚಿಸುವಂತೆಯೂ ಯಾರೂ ಮಾಡಿಲ್ಲ.

೧. ಸ್ವಭಾವ

ಮಾಸ್ತರರು ಹೈಸ್ಕೂಲಿನಲ್ಲಿ ಜೀವನಪೂರ್ತಿ ಭೂಗೋಳ ಕಲಿಸಿದವರು. ಒಂದು ದಿನ ನನ್ನ ಮನೆಗೆ ಬಂದರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಮಡಚಿದ ಕಾಗದ. ಅದರಲ್ಲಿ ದುಂಡಗೆ ಬರೆದಿದ್ದರು: ಪಿನೋ ನುವಾ.

“ಈ ದ್ರಾಕ್ಷಿ ಹಚ್ಚಬೇಕಂತ ಮಾಡೇನ್ರಿ.”

ನಾನು ಗಾಬರಿಯಾದೆ. “ಮಾಸ್ತರ, ಇದು ವೈನ್ ಮಾಡೂ ಕೆಂಪು ದ್ರಾಕ್ಷಿ.”

“ನಾ ಕೊರಳಾಗ ಲಿಂಗ ಕಟ್ಟಿದಂವ, ಕುಡಿಯಂಗಿಲ್ಲ. ಹಣ್ಣು ಏನು ತಪ್ಪು ಮಾಡೈತಿ? ಫ್ರಾನ್ಸಿನ ಬರ್ಗಂಡಿ, ಜರ್ಮನಿ, ಅಮೆರಿಕದ ಓರೆಗಾನ್, ನ್ಯೂಜಿಲೆಂಡ್ ಎಲ್ಲಾ ನಕಾಶಿದಾಗ ಕೋಲು ಇಟ್ಟು ತೋರಿಸೇನಿ. ಒಂದಕ್ಕೂ ಹೋಗಲಿಲ್ಲ. ಅಷ್ಟೂ ಕಡಿ ಈ ಬಳ್ಳಿ ಬೆಳೀತೈತಿ ಅಂತ ಮೊನ್ನೆ ಓದಿದೆ. ನಾ ಹೋಗಲಿಲ್ಲ, ಅದನ್ನರೆ ಮನಿಗೆ ಕರಕೊಂಡು ಬರೋಣಂತ.”

ಇಂಥ ಮಾತಿಗೆ ಬೇಡ ಅನ್ನುವುದು ಹೇಗೆ? ಆದರೂ ಎಚ್ಚರಿಸಿದೆ. “ಭಾಳ ನಾಜೂಕು ಜಾತಿ ಅದು. ತೊಗಲು ತೆಳ್ಳಗ. ಬಿಸಿಲು ಜಾಸ್ತಿ ಆದ್ರ ಸುಡತೈತಿ. ಮಳಿ ಜಾಸ್ತಿ ಆದ್ರ ಕೊಳೀತೈತಿ. ತಂಪು ಬೇಕು, ಆದ್ರ ಚಿಗರೂ ಮುಂದ ಹಿಮಾ ಬಿದ್ರ ಚಿಗುರು ಸಾಯತೈತಿ. ಎಷ್ಟು ಉಪಚಾರ ಮಾಡಿದ್ರೂ ಮನಸ್ಸು ಬಂದ ವರ್ಷ ಅಷ್ಟಽ ಛಲೋ ಫಲ.”

ಮಾಸ್ತರರು ಗಂಭೀರವಾಗಿ ತಲೆಯಾಡಿಸಿದರು. “ತಿಳೀತ್ರಿ. ನಮ್ಮ ದೊಡ್ಡ ಅಳಿಯ.”

೨. ನೆರಳು

ನಾಸಿಕ್ ಕಡೆ ತೋಟ ನೋಡಿಕೊಳ್ಳುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೂರು ಸಸಿ ಕಳಿಸಿಕೊಟ್ಟ. ಮಾಸ್ತರರು ಹಿತ್ತಲಲ್ಲಿ ನೆಟ್ಟರು. ಏಪ್ರಿಲ್‌ನಲ್ಲಿ ಬಾದಾಮಿಯ ಬಂಡೆಗಳು ಹಂಚಿನ ಹಾಗೆ ಕಾಯುತ್ತಿದ್ದಾಗ, ಸಸಿ ಉಳಿದಿರಲಿಕ್ಕಿಲ್ಲ ಎಂದುಕೊಂಡೇ ಹೋದೆ. ಮೂರೂ ಹಸಿರಾಗಿದ್ದವು. ಅವುಗಳ ಮೇಲೆ ಚಪ್ಪರದ ಹಾಗೆ ಒಂದು ಇಳಕಲ್ ಸೀರೆ. ಕೆಂಪು ಸೆರಗು ಪಶ್ಚಿಮಕ್ಕೆ, ಇಳಿಬಿಸಿಲಿಗೆ ಅಡ್ಡವಾಗಿ.

“ನೆರಳಿನ ಬಲೆ ತರೂತನಕ ಅಂತ,” ಎಂದು ಮಾಸ್ತರರು ದನಿ ತಗ್ಗಿಸಿ ಹೇಳುವಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು.

“ನೋಡ್ರಿ ಸರ, ಲಗ್ನ ಆಗಿ ನಲವತ್ತು ವರ್ಷ ಆತು. ಈ ಬಿಸಿಲಾಗಽ ಕಟಗಿ ತಂದೆ, ನೀರು ತಂದೆ. ಒಂದು ದಿನ ‘ಬಿಸಿಲು ಹತ್ತತೈತಿ, ನೆರಳಿಗೆ ಬಾ’ ಅನ್ನಲಿಲ್ಲ.” ಬಳ್ಳಿಯ ಕಡೆ ಬೆರಳು ತೋರಿಸಿದರು. “ಇಕಿ ಬಂದು ಮೂರು ತಿಂಗಳಾಗಿಲ್ಲ, ನನ್ನ ಸೀರಿ ಉಟಗೊಂಡು ನಿಂತಾಳ!”

೩. ಕುರಿ

ಎರಡನೆಯ ವರ್ಷ ಸಣ್ಣ ಗೊಂಚಲು ಕಟ್ಟಿದವು. ಹಸಿರು ಕಾಳು, ಒಂದಕ್ಕೊಂದು ಒತ್ತಿಕೊಂಡು. ಆಗಲೇ ಒಂದು ಬೆಳಿಗ್ಗೆ ಮಾಸ್ತರರ ಫೋನು. “ಸರ್, ಎಲ್ಲಾ ಮುಗೀತು, ಬರ್ರಿ.”

ಹೋಗಿ ನೋಡಿದರೆ, ಹುನಗುಂದದ ಕಡೆಯಿಂದ ಮಂದೆ ಹೊಡೆದುಕೊಂಡು ಬಂದಿದ್ದ ಕುರುಬಣ್ಣ ಕಂಬಳಿ ಹೊದ್ದು ತಲೆ ತಗ್ಗಿಸಿ ನಿಂತಿದ್ದ. ಅವನ ಕುರಿಗಳು ಬೇಲಿ ನುಗ್ಗಿ ಬಳ್ಳಿಯ ಕೆಳಗಿನ ಎಲೆಗಳನ್ನೆಲ್ಲ ಮೇಯ್ದಿದ್ದವು. ಮಾಸ್ತರರ ಕಣ್ಣು ಕೆಂಪಾಗಿದ್ದವು. ಅವರಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು.

ನಾನು ಕೂತು ಗೊಂಚಲು ನೋಡಿದೆ. ಒಂದು ಕಾಳನ್ನೂ ಅವು ಮುಟ್ಟಿರಲಿಲ್ಲ.

“ಮಾಸ್ತರ, ಸಮಾಧಾನ ಮಾಡ್ಕೋರಿ. ನ್ಯೂಜಿಲೆಂಡಿನಾಗ ಕೆಲವು ತೋಟದವ್ರು ಬೇಕಂತಽ ಕುರಿ ಬಿಡ್ತಾರ. ಕಾಯಿ ಹುಳಿ ಇರೂ ಮುಂದ ಅವು ಎಲಿ ಅಷ್ಟಽ ತಿಂತಾವ. ಗೊಂಚಲಿಗೆ ಗಾಳಿ ಆಡಿ ಕೊಳಿಯೂದು ತಪ್ಪತೈತಿ.”

ಕುರುಬಣ್ಣ ನಿಧಾನವಾಗಿ ತಲೆ ಎತ್ತಿದ. ತನ್ನ ದೇವರು ಬೀರಪ್ಪನನ್ನು ನೆನೆದು ಕೈಮುಗಿದ. ಕಂಬಳಿ ಹೆಗಲಿಗೇರಿತು.

“ಕೇಳಿದ್ರಿಲ್ಲ ಮಾಸ್ತರ? ನನ್ನ ಕುರಿ ತಪ್ಪು ಮಾಡಿಲ್ಲ. ದೇಶ ತಪ್ಪಿ ಹುಟ್ಯಾವ, ಅಷ್ಟಽ.”

೪. ಹಣ್ಣು

ಫೆಬ್ರುವರಿ ಕೊನೆಗೆ ಹಣ್ಣಾಯಿತು. ಮೂರು ಬಳ್ಳಿ ಸೇರಿ ಕೈಗೆ ಸಿಕ್ಕಿದ್ದು ಮುಷ್ಟಿಯಷ್ಟು ದೊಡ್ಡ ಎರಡೇ ಗೊಂಚಲು. ಕೆಲವು ಕಾಳು ಕಪ್ಪು, ಕೆಲವು ಇನ್ನೂ ಗುಲಾಬಿ, ಬಿಸಿಲು ಬಿದ್ದ ಬದಿಯಲ್ಲಿ ಸುಕ್ಕು. ಮಾಸ್ತರರು ಅದನ್ನು ತೊಳೆದು, ಸ್ಟೀಲ್ ತಾಟಿನಲ್ಲಿಟ್ಟು, ನನ್ನನ್ನು ಕರೆದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು.

ತಿನ್ನುವ ಮೊದಲು ಪಾಠ ನಡೆಯಿತು. ಬರ್ಗಂಡಿಯ ಸುಣ್ಣದ ಮಣ್ಣಿನ ಇಳಿಜಾರು, ಅಲ್ಲಿಯ ಮಠದ ಸನ್ಯಾಸಿಗಳು ಹೊಲದಿಂದ ಹೊಲಕ್ಕೆ ರುಚಿ ಬೇರೆ ಎಂದು ಕಂಡುಕೊಂಡದ್ದು, ಬೆಳಗಿನ ಮಂಜು. ಹೇಳುತ್ತ ಹೇಳುತ್ತ ಅವರ ದನಿ ಮೆತ್ತಗಾಯಿತು. ಹೆಂಡತಿಗೆ, ನನಗೆ, ತಮಗೆ ಒಂದೊಂದು ಕಾಳು ಹಂಚಿದರು. ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು.

ತೆಳ್ಳನೆ ಸಿಪ್ಪೆ, ದೊಡ್ಡ ಬೀಜ, ಸಪ್ಪೆ ಸಿಹಿ. ಸಿಹಿಗೆ ರುಚಿ ಕೊಡುವ ಹುಳಿಯನ್ನು ನಮ್ಮ ಬಿಸಿಲು ಕುಡಿದುಬಿಟ್ಟಿತ್ತು. ನನಗೆ ಅವರ ಮುಖ ನೋಡಲು ಧೈರ್ಯವಾಗಲಿಲ್ಲ.

ಮಾಸ್ತರರು ಕಣ್ಣು ತೆರೆದರು. “ಖರೆ ಹೇಳ್ರಿ ಸರ್. ಆ ತಂಪು ದೇಶದಾಗ ಇದರ ರುಚಿ ಹೆಂಗ ಇರತೈತಿ?”

ಸುಳ್ಳು ಹೇಳಬಹುದಿತ್ತು. ಪುಸ್ತಕದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಆ ಮುಖದೆದುರು ಆಗಲಿಲ್ಲ.

“ಮಾಸ್ತರ, ಹದಿನೆಂಟು ವರ್ಷದಿಂದ ಈ ದ್ರಾಕ್ಷಿಯ ಪಾಠ ಮಾಡ್ತೇನಿ. ಬಾಯಾಗ ಇಟ್ಟಿದ್ದು ಇವತ್ತಽ ಮೊದಲು.”

ಮಾಸ್ತರರು ನನ್ನನ್ನೇ ನೋಡಿದರು. ತುಟಿ ನಡುಗಿತು, ಆಮೇಲೆ ಹೊಟ್ಟೆ ಕುಣಿಯಿತು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.

ಅವರ ಹೆಂಡತಿ ನಗಲಿಲ್ಲ. ಬೀಜ ಉಗುಳಿ, ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗಿನ ತನಕ ನೋಡಿ ಕೇಳಿದರು:

“ಇವ್ರು ದೇಶ ನೋಡಿಲ್ಲ, ನೀವು ಹಣ್ಣು ತಿಂದಿಲ್ಲ. ಆದ್ರ ನಾಪಾಸ್ ಮಾಡಿದ್ದು ಹುಡುಗ್ರನ್ನೇನು?”