ಸಿಗಡಿಗೆ ಬೆಳ್ಳುಳ್ಳಿ ಅಂಬಲಿ

ಲೋಕದ ಸಕಲ ಕಷ್ಟಗಳೂ ಹೊಟ್ಟೆಯಿಂದಲೇ ಹುಟ್ಟುತ್ತವೆ ಎಂಬುದು ನಮ್ಮ ಮನೆತನದ ಗಟ್ಟಿ ನಂಬಿಕೆ. ನಾನು ಮೆಟ್ರಿಕ್‌ನಲ್ಲಿ ಗಣಿತದಲ್ಲಿ ನಪಾಸಾದಾಗಲೂ ಅವ್ವ ಬೆಳ್ಳುಳ್ಳಿ, ಅಜವಾನ ಕುಟ್ಟಿ ಮಜ್ಜಿಗೆಯಲ್ಲಿ ಕುಡಿಸಿದ್ದಳು. ಮುಂದಿನ ಸಲ ಪಾಸಾದೆ. ಅದು ಮಜ್ಜಿಗೆಯಿಂದಲೇ ಆಯಿತೆಂದು ಬಂದವರಿಗೆಲ್ಲ ಹೇಳುತ್ತಿದ್ದಳು, ನಾನು ರಾತ್ರಿಯೆಲ್ಲ ಓದಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಅಂಥ ಮನೆಯ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ನನ್ನನ್ನು, ತೊಂಬತ್ತರ ದಶಕದ ಮೊದಲಲ್ಲಿ ಸರ್ಕಾರ ಮೀನುಗಾರಿಕೆಯ ಕೆಲಸಕ್ಕೆಂದು ಅಫಜಲಪುರಕ್ಕೆ ಹಾಕಿತು. ನಾನು ಅರ್ಜಿ ಹಾಕಿದ್ದು ನೌಕರಿಗೆ. ಇಲಾಖೆ ಯಾವುದೆಂದು ಆರಿಸುವಷ್ಟು ಪುಣ್ಯ ನಾನು ಮಾಡಿರಲಿಲ್ಲ. ಸರ್ಕಾರಿ ನೌಕರಿ ಎಂದಷ್ಟೇ ಹೇಳಿ, ಇಲಾಖೆಯ ಹೆಸರು ನುಂಗಿಕೊಂಡು, ಜೇವರ್ಗಿಯಿಂದ ಅವ್ವನನ್ನೂ ಕರೆತಂದೆ. ಭೀಮೆಯ ದಂಡೆಯ ಹೊಲದಲ್ಲಿ ಖಾಜಾಸಾಬರೆಂಬ ರೈತರು ಹೊಂಡ ತೋಡಿಸಿ ಸಿಹಿನೀರಿನ ಸಿಗಡಿ ಬಿಟ್ಟಿದ್ದರು. ಅವರು ಅದಕ್ಕೆ ಝಿಂಗಾ ಎನ್ನುತ್ತಿದ್ದರು. ನಾನು ಸಂಕೋಚದಿಂದ 'ಅವು' ಎನ್ನುತ್ತಿದ್ದೆ. ಅವು ಬೆಳೆಯುತ್ತಲೇ ಇರಲಿಲ್ಲ. ಹಾಕಿದ ಮೇವು ಹಾಗೇ ತಳದಲ್ಲಿ ಉಳಿಯುತ್ತಿತ್ತು. ಮೇಲಿನ ಸಾಹೇಬರನ್ನು ಕೇಳಿದರೆ, ಮೇವಿಗೆ ಬೆಳ್ಳುಳ್ಳಿ, ಅರಿಶಿನ ಬೆರೆಸಿ ನೋಡು, ಕರುಳು ಸರಿಹೋದರೆ ಮೈ ತುಂಬಿಕೊಳ್ಳುತ್ತವೆ, ನೀರಲ್ಲಿ ಕರಗದಂತೆ ಗಂಜಿ ಏನಾದರೂ ಹಚ್ಚು ಎಂದರು.

ಬೆಳ್ಳುಳ್ಳಿ ಎಂದ ಕೂಡಲೇ ಅವ್ವ ನೆನಪಾದಳು. ನೀರಿನಲ್ಲಿರುವ ಜೀವಗಳಿಗೆ ಅಜೀರ್ಣವಾಗಿದೆ ಎಂದಷ್ಟೇ ಹೇಳಿದೆ. ಯಾತಕ್ಕೆ ಸಾಕಿದ್ದಾರೆ ಎಂದು ಅವಳು ಕೇಳಲಿಲ್ಲ. ಔಷಧ ಕೊಟ್ಟು ಸಾಕಿದ ಜೀವವನ್ನು ಯಾರಾದರೂ ತಿಂದಾರೆಂಬ ವಿಚಾರ ಅವಳ ತಲೆಗೆ ಬರುವಂಥದ್ದಲ್ಲ. ದಿನಾ ಬೆಳಿಗ್ಗೆ ಬೆಳ್ಳುಳ್ಳಿ, ಅರಿಶಿನ ಕುಟ್ಟಿ, ಜೋಳದ ಅಂಬಲಿಯಲ್ಲಿ ಕಲಸಿ ಡಬ್ಬಿ ತುಂಬಿ ಕೊಡುತ್ತಿದ್ದಳು. ತನ್ನ ಕಡೆಯಿಂದ ಚಿಟಿಕೆ ಅಜವಾನ ಹೆಚ್ಚಿಗೆ. ಅದನ್ನು ಸಾಹೇಬರಿಗೆ ತಿಳಿಸುವ ಧೈರ್ಯ ನನಗಿರಲಿಲ್ಲ. ಹೊಂಡದ ದಂಡೆಯಲ್ಲಿ ಅದನ್ನು ಮೇವಿಗೆ ಹಚ್ಚಿ ನೆರಳಲ್ಲಿ ಆರಿಸುತ್ತಿದ್ದೆವು. ಆ ಮೇವಿನಲ್ಲಿ ಒಣಮೀನಿನ ಪುಡಿ ಇತ್ತೆಂಬುದು ಅವ್ವನ ಮೂಗಿಗೆ ತಿಳಿಯದಿರಲೆಂದು ಸೀಗೆಪುಡಿಯಿಂದ ಕೈ ತಿಕ್ಕಿ ತೊಳೆದೇ ಮನೆಗೆ ಬರುತ್ತಿದ್ದೆ. ಬಾಗಿಲಲ್ಲೇ ಅವಳ ಪ್ರಶ್ನೆ: "ಇವತ್ತರೆ ಉಂಡಾವೇನೋ ತಮ್ಮಾ?" ನಾನು ಉಂಡೆನೋ ಇಲ್ಲವೋ ಎಂಬುದು ಆಮೇಲಿನ ಮಾತು.

ಅವು ಉಂಡವು. ಮೀಸೆ ತಿರುವುವಷ್ಟು ಬೆಳೆದವು. ಬೆಳ್ಳುಳ್ಳಿಯಿಂದಲೋ, ಬಿಸಿಲು ಏರಿದ್ದರಿಂದಲೋ ನನಗೆ ಇಂದಿಗೂ ಗೊತ್ತಿಲ್ಲ. ಹಿಡಿದು ಮಾರುವ ದಿನ ಹತ್ತಿರ ಬಂದಂತೆ ಅವ್ವನ ಮಜ್ಜಿಗೆ ನನಗೇ ಬೇಕಾಯಿತು. ಅವ್ವನಿಗೆ ಹೇಗೆ ಹೇಳುವುದು? ನಾಳೆ ಹೇಳಿದರಾಯಿತು ಎಂದು ದಿನ ದೂಡಿದೆ.

ಮಾರಿದ ಸಂಜೆ ಖಾಜಾಸಾಬರು ಬಾಳೆಹಣ್ಣು ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಅವ್ವನ ಕೈಗುಣ ದೊಡ್ಡದು, ಅವೆಲ್ಲಾ ಲಾರಿ ಹತ್ತಿ ಹೈದರಾಬಾದಿಗೆ ಹೋದವು ಎಂದು ಕೈ ಮುಗಿದರು. ಅವ್ವನ ಮುಖ ಅರಳಿತು.

"ಅಲ್ಲಿ ಯಾರ ಬಾವ್ಯಾಗ ಬಿಡ್ತಾರ್ರಿ?" ಎಂದು ಕೇಳಿದಳು.

ಖಾಜಾಸಾಬರು ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಕೊನೆಗೆ ಅವರೇ ಹೇಳಿದರು: "ಅಲ್ಲಿ ದೊಡ್ಡ ಕೆರಿ ಅದ ಅವ್ವಾರೆ. ಆರಾಮ ಇರ್ತಾವ."

ಅವ್ವ ಒಂದು ಗಳಿಗೆ ಅವರನ್ನೇ ನೋಡಿ ಒಳಗೆ ಹೋದಳು. ಬೆಳ್ಳುಳ್ಳಿ, ಅಜವಾನದ ಸಣ್ಣ ಗಂಟು ತಂದು, ಹೊಸ ನೀರು, ಹೊಟ್ಟೆ ಕೆಟ್ಟೀತು, ಅಲ್ಲಿಗೂ ಕಳಿಸಿ ಎಂದು ಕೊಟ್ಟಳು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಹೊರಟರು. ಸದ್ಯ, ಗಂಡಾಂತರ ಕಳೆಯಿತು ಎಂದು ನಾನು ಒಂದು ಬಾಳೆಹಣ್ಣು ಸುಲಿದೆ.

ರೊಟ್ಟಿ ಬಡಿಯುತ್ತ ಅವ್ವ ತಲೆ ಎತ್ತದೆ ಹೇಳಿದಳು: "ಕೆರಿ ಗಿರಿ ಏನಿಲ್ಲಂತ ಅವರ ಮಾರಿ ನೋಡಿದ ಕೂಡ್ಲೆ ತಿಳೀತು. ಅವರ ಮಾತು ಬೀಳಬಾರ್ದಂತ ಗಂಟು ಕೊಟ್ಟೆ. ನಾ ನೊಂದ್ಕೋಬಾರ್ದಂತ ಅವರು ಒಂದು ಸುಳ್ಳಾದ್ರೂ ಹೇಳಿದ್ರು. ನೀ ಅದನ್ನೂ ಹೇಳಲಿಲ್ಲ."

ಅವತ್ತು ಮಧ್ಯಾಹ್ನವಷ್ಟೇ, ಒಂದು ಸಿಗಡಿಯನ್ನೂ ಅಳೆಯದೆ, ನೂರು ಅಳೆದು ನೋಡಿದ್ದೇನೆ, ಬೆಳವಣಿಗೆ ತೃಪ್ತಿಕರವಾಗಿದೆಯೆಂದು ಮೇಲಕ್ಕೆ ವರದಿ ಬರೆದು ಬಂದಿದ್ದೆ. ಯಾರೋ ಸಾಹೇಬರ ಸಮಾಧಾನಕ್ಕೆ ಅಷ್ಟು ಸಲೀಸಾಗಿ ಸುಳ್ಳು ಬರೆದ ನನಗೆ, ಹೆತ್ತವಳ ಸಮಾಧಾನಕ್ಕೆ ಒಂದೇ ಒಂದು ಸುಳ್ಳು ಹೊಳೆಯಲಿಲ್ಲ. ಅವ್ವ ಹೋಗಿ ಎಷ್ಟೋ ವರ್ಷವಾಯಿತು. ಈಗ ಬೇಕಾದಷ್ಟು ಹೊಳೆಯುತ್ತವೆ.