ಗಬ್ಬೂರ ಬೈಪಾಸಿನ ಬೀಗತನ

ಕಂಡವರನ್ನೆಲ್ಲ ‘ಯಾವೂರು, ಯಾರ ಪೈಕಿ’ ಎಂದು ಕೇಳುವುದು ನನ್ನ ಚಟವೆಂದು ನಮ್ಮ ಮನೆಯವರ ದೂರು. ಕೇಳಿದರೆ ತಾನೇ ನಂಟು ತಿಳಿಯುವುದು? ನಂಟು ತಿಳಿದರೆ ಬಸ್ಸಿನಲ್ಲಿ ಸೀಟೂ ಸಿಗುತ್ತದೆ. (ಸಿಕ್ಕ ಸೀಟಿನಲ್ಲಿ ಮೊದಲು ಕೂರುವವರು ಅವರೇ.)

ಮೊನ್ನೆ ಧಾರವಾಡದಲ್ಲಿ ನಮ್ಮ ಕಿರಿಯ ಮಗಳು ಉಮಾಶ್ರೀಯ ಕುಬಸ. ತವರಿನ ಹಸಿರು ಸೀರೆ ಬಂದ ಮೇಲೆಯೇ ಬಸುರಿಗೆ ಆರತಿ. ಸೀರೆ ನನ್ನ ಮಡಿಲಲ್ಲಿ, ಹೋಳಿಗೆಯ ಬುತ್ತಿ ನಮ್ಮವರ ಕಾಲ ಬಳಿ. ನಮ್ಮ ಯಜಮಾನರಾದ ಶ್ರೀಮಾನ್ ನೀಲಕಂಠಪ್ಪನವರ ಪುರಾತನ ಸ್ಕೂಟರ್ ರಾಜಗಾಂಭೀರ್ಯದಿಂದ ಹೊರಟಿತು. ಗಬ್ಬೂರ ಬೈಪಾಸಿನಲ್ಲಿ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಯಂತ್ರದಲ್ಲಿ ನಂಬರು ಒತ್ತಿ ನೋಡಿದ.

“ಕಾಕಾ, ಇದರ ನೋಂದಣಿ ಮುಗದು ವರ್ಷ ಆತ್ರಿ. ಗಾಡಿ ಇಲ್ಲೇ ಬಿಡಬೇಕಾಗ್ತೈತಿ.”

ನಮ್ಮವರು ಬಾಯಿ ತೆರೆಯುವಷ್ಟರಲ್ಲಿ, “ನೀವು ಸುಮ್ನಿರ್ರಿ” ಎಂದು ನನ್ನ ಬ್ರಹ್ಮಾಸ್ತ್ರ ತೆಗೆದೆ.

“ತಮ್ಮಾ, ಯಾವೂರು ನಿಂದು?”

“ಗರಗರೀ.”

“ಗರಗದಾಗ ಯಾರ ಪೈಕಿ?”

ಅವನು ಕಪ್ಪು ಕನ್ನಡಕ ತೆಗೆದ. “ಗುರ್ತ ಹತ್ತಲಿಲ್ಲೇನ್ರಿ? ನಾನು ಶಿವಯೋಗೀಶ. ಉಮಾಶ್ರೀನ ಕೊಡಬೇಕಂತ ನಮ್ಮ ಮನಿ ನೋಡಾಕ ಬಂದಿದ್ರಿ. ನಮ್ಮವ್ವನ ಕೈಯಾನ ಉಪ್ಪಿಟ್ಟು ಎರಡು ಸಲ ಹಾಕಿಸ್ಕೊಂಡ್ರಿ. ಆಮ್ಯಾಲೆ, ಬಿಸಲಾಗ ನಿಲ್ಲೋ ಹುಡುಗ ಬ್ಯಾಡ, ನೆಳ್ಳಾಗ ಕುಂತು ದುಡಿಯಾಂವ ಬೇಕು ಅಂತ ಹೇಳಿ ಕಳಿಸಿದ್ರಿ.”

(ಎರಡನೇ ಸಲ ಹಾಕಿಸಿಕೊಂಡವರು ನಮ್ಮವರು. ಆದರೆ ಅದನ್ನು ವಾದಿಸುವ ಹೊತ್ತೇ ಅದು?)

“ಸಿಕ್ಕನೇನ್ರಿ ನೆಳ್ಳಿನ ಹುಡುಗ?”

“ಸಿಕ್ಕಾನಪ್ಪಾ” ಎಂದೆ, ಸೀರೆಯ ಗಂಟು ನೋಡುತ್ತ.

“ಏನು ಮಾಡ್ತಾರ್ರಿ?”

ಮದುವೆಯಾದಾಗಿನಿಂದ ಸುಮ್ಮನಿದ್ದ ನಮ್ಮವರು ಆಗಲೇ ಮಾತಾಡಬೇಕೆ?

“ಗಾಡಿ ಕಾಗದ ಮಾಡಿಸಿಕೊಡೋ ಏಜೆಂಟ್. ಫ್ಯಾನಿನ ಕೆಳಗ ಕುಂದರ್ತಾನ. ಈ ಗಾಡಿ ಕಾಗದಾನೂ ಹ್ವಾದ ಪಂಚಮಿಯಿಂದ ಅವನ ಕಡೇನ ಅದಾವ.”

ಶಿವಯೋಗೀಶ ಸರಕಾರದ ಘನತೆ ಉಳಿಸಲು ಮೀಸೆ ಕಚ್ಚಿ ನಗು ತಡೆದ. ಒಂದು ಆಟೋ ನಿಲ್ಲಿಸಿ, ಬುತ್ತಿಯನ್ನು ತಾನೇ ಎತ್ತಿಟ್ಟ.

“ಹಸಿರು ಸೀರಿ, ಬುತ್ತಿ ನೋಡಿದ್ರ ಕುಬಸಕ್ಕ ಹೊಂಟಂಗೈತಿ. ಲಗೂ ಹೋಗ್ರಿ, ಆರತಿಗೆ ಹೊತ್ತಾಗ್ತೈತಿ. ಗಾಡಿ ಬಿಡಿಸ್ಕೊಳ್ಳಾಕ ಅಳಿಯಾರನ್ನ ಕಳಸ್ರಿ. ಬಿಸಲು ತಡಿಯೂದಿಲ್ಲಂದ್ರ ನನ್ನ ಛತ್ರಿ ಕೊಡ್ತೇನಿ ಅಂತ ಹೇಳ್ರಿ, ಅತ್ತಿ.”

ಆ ‘ಅತ್ತಿ’ ಧಾರವಾಡದ ತನಕ ನನ್ನ ಕಿವಿಯಲ್ಲೇ ಕೂತಿತ್ತು.

ಅಲ್ಲಿ ಅಳಿಯ ಅಮರೇಶ ಫ್ಯಾನಿನ ಕೆಳಗಿಂದ ಎದ್ದು ಬಂದ. “ಗಾಡಿ ಎಲ್ಲೈತ್ರಿ ಅತ್ತಿ?”

“ಯಾಕ್ರಿ ಇಷ್ಟ ತಡಾ?” ಎಂದರು ಬೀಗತಿ, ಆರತಿಯ ತಟ್ಟೆ ಹಿಡಿದೇ.

ನಮ್ಮವರು ಗಂಟಲು ಸರಿಮಾಡಿಕೊಂಡರು. “ದಾರ್ಯಾಗ ಇಕಿ ಪೈಕಿ ಒಬ್ಬರು ಸಿಕ್ಕಿದ್ರು. ಉಪ್ಪಿಟ್ಟಿನ ಮಾತು ಬಂತು, ಆಮ್ಯಾಲೆ ಅಳಿಯಾರ…”

ನಾನು ಬುತ್ತಿ ಬಿಚ್ಚಿದವಳೇ ಅವರ ಬಾಯಿಗೆ ಹೋಳಿಗೆ ತುರುಕಿದೆ. ಬಸುರಿಗೆಂದು ತುಪ್ಪ ಸವರಿ ಮೇಲಿಟ್ಟಿದ್ದ ಮೊದಲ ಹೋಳಿಗೆ ಹೀಗೆ ಅವಳ ಅಪ್ಪನ ಪಾಲಾಯಿತು.