ಲಾಂಡ್ರಿ ಯಜಮಾನರ ಆರು ದಿನದ ಮರಣ

ಬದುಕಿರುವ ಮನುಷ್ಯನಿಗೆ ‘ಒಂದು ವಾರ ಸತ್ತು ನೋಡಿ’ ಎಂದು ಹೇಳಿ, ಹಾಗೆ ಹೇಳಿದ್ದಕ್ಕೆ ಫೀಸನ್ನೂ ಎಣಿಸಿಕೊಳ್ಳುವ ಎದೆಗಾರಿಕೆ ಆಡಿಟರಿಗೆ ಮಾತ್ರ ಇರುತ್ತದೆ.

ಲಾಂಡ್ರಿ ಯಜಮಾನರು ಹೋಗಿದ್ದು ತೆರಿಗೆ ಕಡಿಮೆ ಮಾಡಿಕೊಳ್ಳುವ ಉಪಾಯ ಕೇಳಲು. ಆಡಿಟರು ಉಪಾಯವನ್ನೇನೋ ಹೇಳಿದರು. ಅಂಗಡಿ ಒಬ್ಬರ ಹೆಸರಿನಲ್ಲೇ ಇರುವುದು ಬೇಡ, ಹೆಂಡತಿ ಮಗಳನ್ನು ಪಾಲುದಾರರನ್ನಾಗಿ ಮಾಡಿ, ಹೊರೆ ಹಂಚಿಹೋಗುತ್ತದೆ. ಜೊತೆಗೆ ಒಂದು ಉಯಿಲನ್ನೂ ಬರೆದಿಡಿ ಎಂದರು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಯಜಮಾನರ ಮಾನ ಉಳಿಯುತ್ತಿತ್ತು.

“ಬರೀ ಕಾಗದ ಮಾಡಿದ್ರೆ ಸಾಲದು ಸ್ವಾಮಿ. ನೀವಿಲ್ದೆ ಅವರು ನಡೆಸ್ತಾರಾ ಅಂತ ನೋಡ್ಬೇಕು. ಸೋಮವಾರದಿಂದ ಶನಿವಾರದವರೆಗೆ ನೀವು ಸತ್ತಿದ್ದೀರಿ ಅಂದ್ಕೊಳ್ಳಿ. ಅಂಗಡಿ ಕಡೆ ತಲೆ ಹಾಕ್ಬೇಡಿ. ಗೊತ್ತಿರಬೇಕಾದ್ದೆಲ್ಲ ಒಂದು ಫೈಲಲ್ಲಿ ಬರೆದುಕೊಡಿ. ಅವರು ನಿಮಗೆ ಎಷ್ಟು ಸಲ ಫೋನ್ ಮಾಡ್ತಾರೆ ಅಂತ ಲೆಕ್ಕ ಇಡಿ.”

ಯಜಮಾನರಿಗೆ ಒಳಗೊಳಗೇ ಖುಷಿಯಾಯಿತು. ಇಪ್ಪತ್ತೆರಡು ವರ್ಷ ಒಂದು ದಿನವೂ ರಜೆ ಹಾಕದೆ ಆ ಹಬೆಯಲ್ಲಿ ಬೆಂದವರು ಅವರು. ತಾವಿಲ್ಲದಿದ್ದರೆ ಏನಾಗುತ್ತದೆಂದು ಮನೆಯವರಿಗೆ ತಿಳಿಯುವ ಕಾಲ ಈಗ ಬಂತು. ಮನೆಗೆ ಬಂದವರೇ ಗಂಭೀರವಾಗಿ ಘೋಷಿಸಿದರು. “ನೋಡೇ, ಸೋಮವಾರ ನಾನು ಸಾಯ್ತೀನಿ.”

ಹೆಂಡತಿ ತರಕಾರಿ ಹೆಚ್ಚುತ್ತಿದ್ದರು. ತಲೆ ಎತ್ತಲಿಲ್ಲ. “ಸೋಮವಾರ ಗ್ಯಾಸ್ ಬರತ್ತೆ. ಸಿಲಿಂಡರ್ ಒಳಗಿಟ್ಟು ಸಾಯಿರಿ.”

ಫೈಲು ಭಾನುವಾರ ಸಿದ್ಧವಾಯಿತು. ಯಾವ ಗಿರಾಕಿಯ ಅಂಗಿಗೆ ಗಂಜಿ ಬೇಡ, ಯಾರು ಗುಂಡಿ ಬಿದ್ದುಹೋಗಿದೆ ಎಂದು ಸುಳ್ಳು ಜಗಳ ತೆಗೆಯುತ್ತಾರೆ, ವಿಮೆಯ ಕಾಗದ ಎಲ್ಲಿದೆ, ಎಲ್ಲವನ್ನೂ ಬರೆದರು. ಕೊನೆಯ ಹಾಳೆ ಆಡಿಟರೇ ಅಚ್ಚು ಹಾಕಿಸಿ ಕೊಟ್ಟದ್ದು. ‘ವ್ಯಾಪಾರಕ್ಕಿರುವ ಅತಿ ದೊಡ್ಡ ಅಪಾಯ’ ಎಂಬಲ್ಲಿ ಯಜಮಾನರು ಮುತ್ತಿನಂಥ ಅಕ್ಷರದಲ್ಲಿ ‘ನನ್ನ ಗೈರುಹಾಜರಿ’ ಎಂದು ತುಂಬಿದರು.

ಒಂದೇ ಒಂದು ವಿಷಯ ಬರೆಯಲಿಲ್ಲ. ಅಂಗಡಿಯ ದೊಡ್ಡ ಇಸ್ತ್ರಿ ಮಷೀನು ಸ್ವಿಚ್ಚು ಹಾಕಿದರೆ ಏಳುವಂಥದ್ದಲ್ಲ. ಅದರ ಎಡಭಾಗದ ತಳಕ್ಕೆ ಬಲಗಾಲಿನಿಂದ ಒಂದು ಒದೆ ಬೀಳಬೇಕು, ಅದೂ ಹದವಾಗಿ. (ಆ ಹದ ಕಲಿಯುವಷ್ಟರಲ್ಲಿ ಯಜಮಾನರ ಹೆಬ್ಬೆರಳಿನ ಉಗುರು ಮೂರು ಸಲ ಕಿತ್ತುಬಂದಿತ್ತು.) ಇದನ್ನು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಸೋಮವಾರ ಒಂಬತ್ತಕ್ಕೆ ಮಷೀನು ಏಳುವುದಿಲ್ಲ, ಒಂಬತ್ತೂ ಐದಕ್ಕೆ ಫೋನು ಬರುತ್ತದೆ, ತಾವು ಮೂರು ಸಲ ಗಂಟೆ ಬಾರಿಸಲು ಬಿಟ್ಟು ಎತ್ತಿಕೊಳ್ಳುವುದು ಎಂದು ತೀರ್ಮಾನಿಸಿದ್ದರು.

ಒಂಬತ್ತೂ ಐದಾಯಿತು. ಹತ್ತಾಯಿತು. ಫೋನು ಕೆಟ್ಟಿದೆಯೇನೋ ಎಂದು ಎರಡು ಸಲ ಅಲ್ಲಾಡಿಸಿ ನೋಡಿದರು. ಹತ್ತೂವರೆಗೆ ಸತ್ತವರೇ ಹೆಂಡತಿಗೆ ಫೋನ್ ಮಾಡಿದರು.

“ಸಕ್ಕರೆ ಎಲ್ಲಿದೆ?”

“ಸಕ್ಕರೆ ಅಂತ ಬರೆದಿರೋ ಡಬ್ಬಿಲಿ.”

“ಅದರಲ್ಲಿ ಉಪ್ಪಿದೆ ಕಣೇ!”

“ಮತ್ತೆ ಉಪ್ಪು ಅಂತ ಬರೆದಿರೋದ್ರಲ್ಲಿ ನೋಡಿ. ಇಷ್ಟು ವರ್ಷ ಈ ಮನೇಲೇ ಇದ್ರಿ ಅಲ್ವಾ?”

“ಅದಿರ್ಲಿ, ಮಷೀನು...”

“ಓಡ್ತಿದೆ. ಗಿರಾಕಿ ಇದ್ದಾರೆ, ಇಡ್ತೀನಿ.”

ಮಂಗಳವಾರ ಟವೆಲ್ಲಿಗಾಗಿ, ಬುಧವಾರ ಬಿಸಿನೀರಿನ ಸ್ವಿಚ್ಚಿಗಾಗಿ, ಆಮೇಲೆ ಸುಮ್ಮನೆ ಧ್ವನಿ ಕೇಳುವುದಕ್ಕಾಗಿ. ಶನಿವಾರದ ಹೊತ್ತಿಗೆ ಲೆಕ್ಕ ಹೀಗಿತ್ತು: ದಿವಂಗತರು ಮಾಡಿದ ಕರೆ ಹನ್ನೊಂದು, ದಿವಂಗತರಿಗೆ ಬಂದದ್ದು ಸೊನ್ನೆ. ಹೆಂಡತಿ ಮಗಳಿಬ್ಬರನ್ನೂ ಹೆಗಲ ಮೇಲೆ ಹೊತ್ತಿದ್ದೇನೆ ಎಂದುಕೊಂಡಿದ್ದ ಮನುಷ್ಯನಿಗೆ, ಅವರು ಯಾವಾಗಲೋ ಇಳಿದು ನಡೆಯುತ್ತಿದ್ದಾರೆ ಎಂದು ಆ ವಾರ ತಿಳಿಯಿತು. ನಿಜವಾಗಿ ಸತ್ತರೂ ಇಷ್ಟೇ ತಾನೇ ಎನಿಸಿತು.

“ಮಷೀನು ತೊಂದರೆ ಕೊಡ್ಲಿಲ್ವಾ?” ಎಂದು ಮಗಳನ್ನು ಕೇಳಿದರು.

“ಸೋಮವಾರ ಶುರುವಾಗ್ಲಿಲ್ಲ ಅಪ್ಪಾ. ಮೆಕ್ಯಾನಿಕ್‌ನ ಕರೆಸಿದ್ವಿ. ಒಳಗೆ ಒಂದು ವೈರು ಸಡಿಲ ಆಗಿತ್ತಂತೆ. ಬಿಗಿ ಮಾಡಿ ಹೋದ. ಈಗ ಬೆರಳು ಮುಟ್ಟಿಸಿದ್ರೆ ಸಾಕು. ನೀವು ಇಷ್ಟು ವರ್ಷ ಹೇಗೆ ಶುರು ಮಾಡ್ತಿದ್ರಿ?”

“ಅದಕ್ಕೆಲ್ಲ ಅನುಭವ ಬೇಕು” ಎಂದು ಯಜಮಾನರು ಕಾಲನ್ನು ಮಡಚಿಕೊಂಡರು.

ಮುಂದಿನ ಸೋಮವಾರ ಮಡಿಕೆ ಮುರಿಯದ ಅಂಗಿ ತೊಟ್ಟು ಪುನರ್ಜನ್ಮ ಪಡೆದು ಅಂಗಡಿಗೆ ಹೋದರು. ಅವರ ಸ್ಟೂಲು ಗಲ್ಲಾಪೆಟ್ಟಿಗೆಯ ಹಿಂದೆ ಇರಲಿಲ್ಲ. ಯಾರೂ ಬಂದು ಬಿಡಿಸಿಕೊಂಡು ಹೋಗದ ಬಟ್ಟೆಗಳ ಕಪಾಟಿನ ಪಕ್ಕಕ್ಕೆ ಹೋಗಿತ್ತು. “ಅಲ್ಲಿ ಗಾಳಿ ಚೆನ್ನಾಗಿ ಬರತ್ತೆ ಅಂತ” ಎಂದರು ಹೆಂಡತಿ. ಯಜಮಾನರು ಓಡುತ್ತಿದ್ದ ಮಷೀನಿನ ಬಳಿ ಹೋದರು. ಆಮೇಲೆ ನಡೆದದ್ದು ಅಭ್ಯಾಸದಿಂದಲೋ ಸಿಟ್ಟಿನಿಂದಲೋ ಅವರಿಗೇ ಗೊತ್ತಿಲ್ಲ. ಬಲಗಾಲು ಎದ್ದಿತು, ಎಡಭಾಗದ ತಳಕ್ಕೆ ಬಿತ್ತು. ಒಳಗೆ ‘ಚಟ್’ ಎಂದಿತು. ಯಾರದೋ ಕೋಟಿನ ಅರ್ಧ ತೋಳನ್ನು ಕಚ್ಚಿಕೊಂಡೇ ಮಷೀನು ನಿಂತುಹೋಯಿತು.

ಮೆಕ್ಯಾನಿಕ್ ಮತ್ತೆ ಬಂದ. ಗುಳಿ ಬಿದ್ದ ತಗಡನ್ನು ನೋಡಿದ, ಯಜಮಾನರ ಚಪ್ಪಲಿಯನ್ನು ನೋಡಿದ. ಹೆಂಡತಿ ಗಲ್ಲಾಪೆಟ್ಟಿಗೆಯಿಂದ ಅವನ ದುಡ್ಡು ಎಣಿಸಿಕೊಟ್ಟರು. ಬೈದಿದ್ದರೆ ಎಷ್ಟೋ ಮೇಲಿತ್ತು.

ಸಂಜೆ ಮೂವರೂ ಆಡಿಟರ ಕಚೇರಿಯಲ್ಲಿ ಕೂತರು. ಪಾಲುದಾರಿಕೆಯ ಕಾಗದ ಮುಗಿಯಿತು, ಉಯಿಲೂ ಮುಗಿಯಿತು. ಆಡಿಟರು ಫೈಲಿನ ಕೊನೆಯ ಹಾಳೆ ತಿರುವಿ ಕನ್ನಡಕ ಸರಿಮಾಡಿಕೊಂಡರು. ‘ನನ್ನ ಗೈರುಹಾಜರಿ’ ಎಂಬುದಕ್ಕೆ ಅಡ್ಡಗೀಟು ಬಿದ್ದಿತ್ತು. ಕೆಳಗೆ ಮಗಳ ದುಂಡು ಅಕ್ಷರದಲ್ಲಿ ಹೊಸ ಉತ್ತರವಿತ್ತು: ‘ಅಪ್ಪನ ಬಲಗಾಲು.’

“ಇಷ್ಟು ಸ್ಪಷ್ಟವಾಗಿ ಯಾರೂ ಬರೆದುಕೊಟ್ಟಿರ್ಲಿಲ್ಲ. ತಿದ್ದುಪಡಿ ಪಕ್ಕ ಯಜಮಾನರ ಸಹಿ ಬೇಕಲ್ಲ” ಎಂದರು ಆಡಿಟರು.

ಹೆಂಡತಿ ಪೆನ್ನಿನ ಮುಚ್ಚಳ ತೆಗೆದೇ ಕೈಗೆ ಕೊಟ್ಟರು. ಯಜಮಾನರು ಬಲಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಸಹಿ ಹಾಕಿದರು.

“ಸಾರ್” ಎಂದು ಹೆಂಡತಿ ಆಗ ಮೆಲ್ಲಗೆ ಕೇಳಿದರು. “ಈ ಸಾಯೋದನ್ನ ಇನ್ನೊಂದು ತಿಂಗಳು ಮುಂದುವರಿಸೋಕೆ ಆಗತ್ತಾ?”

“ಧಾರಾಳವಾಗಿ!” ಎಂದರು ಆಡಿಟರು. ಆ ಒಂದು ಸಲಹೆಗೆ ಅವರು ಫೀಸು ತೆಗೆದುಕೊಳ್ಳಲಿಲ್ಲ.